ಅಘನಾಶಿನಿ ಅಳಿವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಜಾಗದ ಬಗ್ಗೆ ಓದುಗರು, ವಿದ್ಯಾರ್ಥಿಗಳು, ಪ್ರವಾಸಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬೆಳಚು ಎಂಬ ಚಿಪ್ಪಿ, ಕಗ್ಗ ಎಂಬ ಭತ್ತ, ಉಪ್ಪು ಈ ಮೂರರ ಉತ್ತರ ಉದ್ದವಾಗಿವೆ. ಅಳಿವೆ ಅರ್ಥವಾಗುವುದೇ ಅವುಗಳ ಮೂಲಕ.

ಇದನ್ನು ಹೊಳೆ ಅನ್ನಬೇಕೋ, ಹಿನ್ನೀರು ಅನ್ನಬೇಕೋ, ಅಳಿವೆ ಅನ್ನಬೇಕೋ?

ನದಿ ಸಮುದ್ರ ಸೇರುವ ಬಾಯಿಗೆ ಕನ್ನಡದಲ್ಲಿ ಇರುವ ಪದ ಅಳಿವೆ. ಪಠ್ಯಪುಸ್ತಕಗಳಲ್ಲಿ ಇದನ್ನು 'ಮುಖಜಭೂಮಿ' ಎಂದು ಬರೆದದ್ದುಂಟು. ಅದು ತಪ್ಪು. ಮುಖಜಭೂಮಿ ಎಂದರೆ ಹೊಳೆ ತಂದು ಹಾಕಿದ ಮಣ್ಣು ಕಡಲಿನೊಳಗೆ ಚಾಚಿಕೊಂಡ ನೆಲ. ಇಲ್ಲಿ ಆಗಿರುವುದು ಅದರ ತಿರುಗುಮುರುಗು: ಕಡಲೇ ಒಳಗೆ ಚಾಚಿಕೊಂಡಿದೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಇದು ತದಡಿ ಕ್ರೀಕ್, ಕೆಲವೆಡೆ ಮಿರ್ಜಾನ ನದಿ. ಮೂರೂ ಒಂದೇ ನೀರು.

ಊರ ಹೆಸರುಗಳು ಭೂಗೋಳವನ್ನು ಇನ್ನೂ ಚೆನ್ನಾಗಿ ಹೇಳುತ್ತವೆ. ಐಗಳಕುರ್ವೆಯ 'ಕುರ್ವೆ' ಎಂದರೆ ಸುತ್ತ ನೀರಿರುವ ನಡುಗಡ್ಡೆ. ಮಾಣಿಕಟ್ಟಾ, ಸಾಣಿಕಟ್ಟಾಗಳ 'ಕಟ್ಟಾ' ಉಪ್ಪುನೀರನ್ನು ತಡೆದ ಒಡ್ಡನ್ನು ನೆನಪಿಸುತ್ತದೆ. ಒಡ್ಡಿನ ಒಳಗಿನ ತಗ್ಗು ಗದ್ದೆ 'ಗಜನಿ'.

ಎಲ್ಲಿದೆ? ಗೋಕರ್ಣಕ್ಕೂ ಇದಕ್ಕೂ ಏನು ಸಂಬಂಧ?

ಗೋಕರ್ಣ ಎರಡು ಅಳಿವೆಗಳ ನಡುವಿನ ಊರು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಅಳಿವೆಯ ಬಾಯಿಯ ಉತ್ತರ ದಡದಲ್ಲಿ ತದಡಿ, ದಕ್ಷಿಣ ದಡದಲ್ಲಿ ಅಘನಾಶಿನಿ ಎಂಬ ಹೆಸರಿನದೇ ಊರು. ಒಳಗೆ ಬಂದಂತೆ ನೀರು ಹರವಾಗಿ ಹಬ್ಬಿ ಕಾಗಾಲ, ಹೆಗಡೆ, ಮಾಣಿಕಟ್ಟಾ, ಮಿರ್ಜಾನ, ದೀವಗಿಗಳನ್ನು ಮುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ ಎರಡೂ ಇದನ್ನು ಮಿರ್ಜಾನ–ದೀವಗಿ ಬಳಿ ದಾಟುತ್ತವೆ. ರೈಲಿನಲ್ಲಿ ಮಂಗಳೂರಿನಿಂದ ಮಡಗಾಂವಿಗೆ ಹೋಗುವವರು ಕುಮಟಾ ಬಿಟ್ಟ ಕೆಲವೇ ನಿಮಿಷಕ್ಕೆ ಕಿಟಕಿಯಲ್ಲಿ ನೋಡುವ ಅಗಲ ನೀರು ಇದೇ.

ನೀರು ಎಲ್ಲಿಂದ ಬರುತ್ತದೆ?

ಶಿರಸಿಯಿಂದ. ಪಟ್ಟಣದ ಶಂಕರಹೊಂಡ ಒಂದು ಮೂಲ, ಮಂಜುಗುಣಿ ಕಡೆಯದು ಇನ್ನೊಂದು. ಎರಡೂ ಕೂಡಿ ಸಿದ್ದಾಪುರದ ಕಡೆ ಹರಿದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕಣಿವೆಗೆ ಇಳಿಯುತ್ತದೆ. ಯಾಣದ ಕಡೆಯಿಂದ ಚಂಡಿಕಾ ಹೊಳೆ ಬಂದು ಸೇರುತ್ತದೆ. ಒಟ್ಟು ಸುಮಾರು 120 ಕಿ.ಮೀ. ಉದ್ದದ ಈ ಹೊಳೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಉತ್ತರಗಳು ಅದರ ಮೇಲೆ ನಿಂತಿವೆ.

ಇಲ್ಲಿನ ನೀರು ಉಪ್ಪೋ, ಸಿಹಿಯೋ?

ಯಾವ ತಿಂಗಳು, ಯಾವ ಹೊತ್ತು, ಎಷ್ಟು ಆಳ ಎಂದು ಹೇಳದೆ ಉತ್ತರಿಸಲಾಗದ ಪ್ರಶ್ನೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ. ಮೇ ತಿಂಗಳ ಅಳಿವೆಯ ಬಾಯಲ್ಲಿ ಹೆಚ್ಚುಕಡಿಮೆ ಅಷ್ಟೇ ಉಪ್ಪಿರುತ್ತದೆ. ಜುಲೈಯಲ್ಲಿ ಘಟ್ಟದ ಮಳೆನೀರು ನುಗ್ಗಿದಾಗ ಮೇಲ್ಪದರ ಬಹುತೇಕ ಸಿಹಿ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹೀಗಾಗಿ ಮೇಲೆ ಹೊಳೆ ಕಡಲ ಕಡೆ ಹರಿಯುತ್ತಿರುವಾಗಲೇ ತಳದಲ್ಲಿ ಕಡಲು ಒಳಗೆ ನುಸುಳುತ್ತಿರುತ್ತದೆ. ಬಕೆಟ್ ಇಳಿಬಿಟ್ಟು ಮೇಲಿನ ನೀರು ಮಾತ್ರ ನೆಕ್ಕಿ ನೋಡಿ 'ಸಿಹಿ' ಅಂದವರು ಮೋಸಹೋಗುತ್ತಾರೆ.

ಭರತ, ಇಳಿತದ ಹೊತ್ತು ಗುರುತಿಸುವುದು ಹೇಗೆ?

ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ.

ಕೈಯಲ್ಲಿ ಕೋಷ್ಟಕ ಇಲ್ಲದಿದ್ದರೆ ಕ್ಯಾಲೆಂಡರಿನ ತಿಥಿ ಸಾಕು. ಈ ಕರಾವಳಿಯಲ್ಲಿ ಅಮಾವಾಸ್ಯೆ–ಹುಣ್ಣಿಮೆಯ ದಿನ ಭರತ ನಡುಹಗಲಿನ ಹತ್ತಿರ, ಇಳಿತ ಬೆಳಗಿನ ಜಾವಕ್ಕೆ ಮತ್ತು ಸಂಜೆಗೆ. ಅಲ್ಲಿಂದ ತಿಥಿಗೆ 50 ನಿಮಿಷದಂತೆ ಕೂಡಿಸುತ್ತ ಹೋಗಿ. ಇದು ಬಾಯಿಯ ಲೆಕ್ಕ. ಮಿರ್ಜಾನದಂಥ ಒಳಗಿನ ಜಾಗಕ್ಕೆ ನೀರು ತಲುಪುವುದು ಇನ್ನಷ್ಟು ತಡ. ಮಳೆಗಾಲದಲ್ಲಿ ಈ ಲೆಕ್ಕವನ್ನು ನಂಬಿ ನೀರಿಗಿಳಿಯಬೇಡಿ. ಹೊಳೆಯ ನೆರೆ ಇಳಿತವನ್ನೇ ನುಂಗಿಬಿಡುತ್ತದೆ.

ಬೆಳಚು ಎಂದರೆ ಏನು? ಇಲ್ಲೇ ಏಕೆ ಅಷ್ಟೊಂದು?

ಎರಡು ಚಿಪ್ಪಿನ ಮೃದ್ವಂಗಿ. ಕರಾವಳಿಯ ಬೇರೆಡೆ ಚಿಪ್ಪಿಕಲ್ಲು, ಮಳಿ ಅನ್ನುತ್ತಾರೆ. ಮರಳು–ಕೆಸರಿನಲ್ಲಿ ಹೂತುಕೊಂಡು, ಎರಡು ಸಣ್ಣ ಕೊಳವೆ ಮೇಲೆ ಚಾಚಿ, ನೀರು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿ ತಿಂದು ಬದುಕುವ ಪ್ರಾಣಿ. ಮೆರೆಟ್ರಿಕ್ಸ್, ಪ್ಯಾಫಿಯಾ, ವಿಲ್ಲೋರಿಟಾ ಎಂದು ವಿಜ್ಞಾನಿಗಳು ಕರೆಯುವ ಗುಂಪುಗಳೆಲ್ಲ ಇಲ್ಲುಂಟು. ಬಂಡೆಗೆ ಅಂಟಿ ಬೆಳೆಯುವ ಕಲ್ವಾ ಬೇರೆ.

ಇವೆಲ್ಲ ಒಂದೇ ಉಪ್ಪು ಬೇಡುವುದಿಲ್ಲ ಎನ್ನುವುದೇ ಗುಟ್ಟು. ಪ್ಯಾಫಿಯಾಕ್ಕೆ ಬಾಯಿಯ ಹತ್ತಿರದ ಗಟ್ಟಿ ಉಪ್ಪು ಬೇಕು. ಕಪ್ಪು ಚಿಪ್ಪಿನ ವಿಲ್ಲೋರಿಟಾಕ್ಕೆ ಮೇಲ್ಭಾಗದ ಸಪ್ಪೆ ನೀರೇ ಸಾಕು. ನಡುವಿನ ಜಾಗ ಮೆರೆಟ್ರಿಕ್ಸ್‌ನದು. ಅಳಿವೆಯ ಉದ್ದಕ್ಕೂ ಉಪ್ಪು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದರಿಂದ ಎಲ್ಲಕ್ಕೂ ಒಂದೊಂದು ಮನೆ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಮಾಡಿದ ಅಂದಾಜಿನಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿ ತೆಗೆಯುತ್ತಿದ್ದರು. ನೇರವಾಗಿ ಅದರಲ್ಲಿ ದುಡಿಯುತ್ತಿದ್ದವರು ಸುಮಾರು 2,300 ಜನ. ಇಳಿತದಲ್ಲಿ ದಿಬ್ಬ ತೆರೆದುಕೊಂಡಾಗ ಹೆಂಗಸರು ಕೈಯಿಂದ ಕೆದಕಿ ಬುಟ್ಟಿ ತುಂಬುತ್ತಾರೆ. ಆಳ ಇರುವಲ್ಲಿ ಗಂಡಸರು ದೋಣಿಯಿಂದ ಮುಳುಗಿ ತೆಗೆಯುತ್ತಾರೆ.

ತಂದ ಬೆಳಚಿನಲ್ಲಿ ಬರೀ ಮರಳು ಕಚ್ಚುತ್ತದೆ. ಏನು ಮಾಡಬೇಕು?

ಕೊಂಡ ತಕ್ಷಣ ನಲ್ಲಿನೀರಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಸಿಹಿನೀರು ತಾಕಿದ ಕೂಡಲೇ ಬೆಳಚು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಮರಳು ಒಳಗೇ ಉಳಿಯುತ್ತದೆ. ಅಳಿವೆಯದೇ ನೀರು ತಂದರೆ ಉತ್ತಮ. ಇಲ್ಲವಾದರೆ ಲೀಟರಿಗೆ 25–30 ಗ್ರಾಂ ಕಲ್ಲುಪ್ಪು ಕರಗಿಸಿ. ಅಗಲ ಪಾತ್ರೆಯಲ್ಲಿ ಒಂದೇ ಪದರವಾಗಿ ಹರಡಿ, ಬೆಳಚು ಮುಳುಗುವಷ್ಟೇ ನೀರು ಹಾಕಿ, ಮೇಲೆ ಬಟ್ಟೆ ಮುಚ್ಚಿ, ನಾಲ್ಕಾರು ಗಂಟೆ ಅಲುಗಾಡಿಸದೆ ಬಿಡಿ. ಅವು ಕೊಳವೆ ಚಾಚಿ ತಾವೇ ಮರಳು ಉಗುಳುತ್ತವೆ. ನಡುವೆ ಒಮ್ಮೆ ನೀರು ಬದಲಿಸಿ. ರಾಶಿ ಹಾಕಿದರೆ ಮೇಲಿನವು ಉಗುಳಿದ್ದನ್ನು ಕೆಳಗಿನವು ಎಳೆದುಕೊಳ್ಳುತ್ತವೆ.

ತಟ್ಟಿದರೂ ಮುಚ್ಚದೆ ಬಾಯಿ ಬಿಟ್ಟಿದ್ದರೆ ಅದು ಸತ್ತದ್ದು, ಎಸೆಯಿರಿ. ಬೇಯಿಸಿದ ಮೇಲೂ ತೆರೆಯದ್ದನ್ನು ತಿನ್ನಬೇಡಿ.

ಪಕ್ಕದ ಶರಾವತಿಯಲ್ಲಿ ಬೆಳಚು ಯಾಕೆ ಕಡಿಮೆಯಾಯಿತು?

ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ ಕಟ್ಟೆಗಳಿವೆ. ವಿದ್ಯುತ್ತಿಗಾಗಿ ಟರ್ಬೈನ್ ತಿರುಗಿಸಿದ ನೀರು ಬೇಸಿಗೆಯಲ್ಲೂ ಬಿಡದೆ ಹೊನ್ನಾವರದ ಅಳಿವೆಗೆ ಬರುತ್ತದೆ. ಬೇಸಿಗೆಯಲ್ಲಿ ಏರಬೇಕಿದ್ದ ಉಪ್ಪು ಏರುವುದೇ ಇಲ್ಲ. ಉಪ್ಪು ಬೇಕಾದ ಜಾತಿಗಳು ಹಿಂದೆ ಸರಿದವು, ಸಪ್ಪೆ ನೀರಿನ ವಿಲ್ಲೋರಿಟಾ ಮುಖ್ಯವಾಗಿ ಉಳಿದುಕೊಂಡಿತು. 'ನದಿಗೆ ನೀರು ಹೆಚ್ಚಾದರೆ ಒಳ್ಳೆಯದಲ್ಲವೇ' ಎಂದು ಕೇಳುವವರಿಗೆ ಇದೇ ಉತ್ತರ. ಅಳಿವೆಗೆ ನೀರಿನ ಪ್ರಮಾಣ ಎಷ್ಟು ಮುಖ್ಯವೋ ಹಂಗಾಮೂ ಅಷ್ಟೇ ಮುಖ್ಯ: ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಅಘನಾಶಿನಿಯಿಂದ ಬಯಲುಸೀಮೆಗೆ ನೀರೆತ್ತುವ ನದಿ ಜೋಡಣೆಯ ಪ್ರಸ್ತಾವದಲ್ಲಿ ಅಪಾಯ ಇದರ ಉಲ್ಟಾ ದಿಕ್ಕಿನಿಂದ ಬರುತ್ತದೆ. ಅಲ್ಲಿ ಕಡಿಮೆಯಾಗುವುದು ಸಿಹಿನೀರು.

ಗಜನಿ, ಕಗ್ಗ ಎಂದರೆ ಏನು? ಉಪ್ಪುನೀರಿನಲ್ಲಿ ಭತ್ತ ಬೆಳೆಯುವುದು ನಿಜವೇ?

ನಿಜ, ಆದರೆ ಜನ ಅಂದುಕೊಂಡ ಹಾಗಲ್ಲ. ಕಗ್ಗ ಉಪ್ಪು ತಾಳುವ ಭತ್ತ. ಉಪ್ಪು ಬಯಸುವ ಭತ್ತ ಅಲ್ಲ. ಮೊಳಕೆಯಲ್ಲೂ ಹೂವಿನಲ್ಲೂ ಉಪ್ಪು ಹೆಚ್ಚಾದರೆ ಅದೂ ಸೋಲುತ್ತದೆ. ಹಾಗಾಗಿ ಇಡೀ ಬೇಸಾಯವೇ ಒಡ್ಡಿನ ತೂಬಿನ ಬಾಯಿ ಮುಚ್ಚಿ ತೆರೆಯುವ ಹಲಗೆಯ ಆಟ.

ಏಪ್ರಿಲ್–ಮೇಯಲ್ಲಿ ಹಲಗೆ ಇಳಿಸಿ ಭರತದ ನೀರನ್ನು ಹೊರಗೇ ತಡೆದು ಗದ್ದೆ ಒಣಗಿಸುತ್ತಾರೆ. ನೆಲದ ಮೇಲೆ ಉಪ್ಪು ಬಿಳಿಯಾಗಿ ಕಾಣುತ್ತದೆ. ಜೂನ್‌ನ ಮೊದಲ ಮಳೆಗಳಿಗೆ ಗದ್ದೆ ತುಂಬುತ್ತದೆ. ಇಳಿತದ ಹೊತ್ತು ನೋಡಿ ಹಲಗೆ ಎತ್ತಿ ಆ ನೀರನ್ನು ಬಿಟ್ಟರೆ ಉಪ್ಪು ಕರಗಿ ಅದರ ಜೊತೆ ಹೋಗುತ್ತದೆ. ಮತ್ತೆ ಮಳೆನೀರು ತುಂಬಿಸು, ಮತ್ತೆ ಬಿಡು. ನೆಲ ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚುತ್ತಾರೆ. ಮೊಳಕೆ ಬಂದ ಬೀಜವೇ ಏಕೆಂದರೆ, ಬೇರು ಬೇಗ ಕೆಸರು ಹಿಡಿಯಬೇಕು. ಒಣ ಬೀಜ ತೇಲಿ ಒಡ್ಡಿನ ಮೂಲೆಗೆ ಸೇರುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಪೈರು ಎತ್ತರವಾಗಿ ಬೆಳೆದು ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಎದ್ದು ನಿಲ್ಲುತ್ತದೆ. ಅಕ್ಟೋಬರ್–ನವೆಂಬರಿನ ಕೊಯ್ಲಿನಲ್ಲಿ ಕೊಯ್ಯುವುದು ತೆನೆಯ ಭಾಗ ಮಾತ್ರ.

ಉಳಿದ ಹುಲ್ಲು ವ್ಯರ್ಥವಲ್ಲ. ಕೊಯ್ಲಾದ ಮೇಲೆ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಶೆಟ್ಲಿಯ (ಸೀಗಡಿಯ) ಮರಿ, ಮೀನಿನ ಮರಿ ಒಳಬರುತ್ತವೆ. ಕಡಲಲ್ಲಿ ಹುಟ್ಟಿ ಅಳಿವೆಯಲ್ಲಿ ಬೆಳೆಯುವುದು ಶೆಟ್ಲಿಯ ಕ್ರಮ. ಕೊಳೆಯುವ ಹುಲ್ಲೇ ಅವುಗಳ ಮೇವಿನ ಮೂಲ. ಬೆಳೆದ ಶೆಟ್ಲಿ ಕಡಲಿಗೆ ಮರಳಲು ಹೊರಟಾಗ, ಅಮಾವಾಸ್ಯೆ–ಹುಣ್ಣಿಮೆಯ ರಾತ್ರಿಯ ಇಳಿತದಲ್ಲಿ, ತೂಬಿನ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ.

ಅಕ್ಕಿ ಕೆಂಪು, ದಪ್ಪ. ಗಂಜಿಗೆ ಇದರ ಮುಂದೆ ಬೇರೆ ಇಲ್ಲ ಎಂಬುದು ಉಂಡವರ ಮಾತು, ನಮ್ಮದೂ ಅದೇ.

ಹಾಗಿದ್ದರೆ ಎಷ್ಟೋ ಗಜನಿ ಪಾಳು ಬಿದ್ದಿರುವುದೇಕೆ?

ಮೊದಲ ಕಾರಣ ಒಡ್ಡು. ಏಡಿ ಕೊರೆದ ಬೆರಳಗಲದ ಬಿಲದಿಂದ ಶುರುವಾಗುತ್ತದೆ. ಹೊರಗೆ ಭರತ ಏರಿದಾಗ ಬಿಲದಲ್ಲಿ ನೀರು ಜಿನುಗಿ ಒಳಗಿನ ಮಣ್ಣನ್ನು ಕೊಂಚ ಕೊಂಚವೇ ಹೊತ್ತೊಯ್ಯುತ್ತದೆ. ಹೊರಗಿಂದ ನೋಡಿದರೆ ಒಡ್ಡು ಗಟ್ಟಿಯಾಗಿಯೇ ಕಾಣುತ್ತದೆ. ಮುಂದಿನ ಹುಣ್ಣಿಮೆಗೆ ಅದೇ ಜಾಗ ಕುಸಿದು ಎರಡು ಆಳು ಅಗಲದ ಕಂಡಿ ಬೀಳುತ್ತದೆ. ಜಿನುಗಿದ ನೀರು ತಿಳಿಯಾಗಿದ್ದರೆ ಕಾಯಬಹುದು. ಕದಡಿದ್ದರೆ ಅಂದೇ ಮುಚ್ಚಬೇಕು, ಅದು ಒಡ್ಡಿನದೇ ಮಣ್ಣು. ದುರಸ್ತಿಗೆ ಅಷ್ಟಮಿಯ ದಿನಗಳೇ ಸರಿ. ನೀರಿನ ಏರಿಳಿತ ಕಡಿಮೆ ಇರುವುದರಿಂದ ಗೂಟ ಹೊಡೆದು ತುಂಬಿದ ಜೇಡಿ ನಿಲ್ಲುತ್ತದೆ. ಹುಣ್ಣಿಮೆಯ ಹಿಂದುಮುಂದು ಮಾಡಿದ ಕೆಲಸ ಮರುದಿನಕ್ಕೆ ಇರುವುದಿಲ್ಲ. ಗದ್ದೆಗೆ ಉಪ್ಪುನೀರು ನುಗ್ಗದಂತೆ ಕೆಂಪುಕಲ್ಲು ಕಟ್ಟಿದ ಸರ್ಕಾರಿ ಖಾರ್‌ಲ್ಯಾಂಡ್ ಒಡ್ಡುಗಳೂ ಬಂದವು. ಅವೂ ಬುಡ ಕೊರೆದರೆ ಬೀಳುತ್ತವೆ, ಮತ್ತು ಕಲ್ಲಿನ ಒಡ್ಡು ಬಿದ್ದರೆ ಊರವರು ಕೈಯಿಂದ ಸರಿಮಾಡಲಾಗುವುದಿಲ್ಲ.

ಎರಡನೆಯ ಕಾರಣ ಶೆಟ್ಲಿಯ ದುಡ್ಡು. ಹಿಡಿಯುವ ಗುತ್ತಿಗೆ ಪಡೆದವರಿಗೆ ಉಪ್ಪುನೀರು ಆದಷ್ಟು ಹೆಚ್ಚು ದಿನ ಒಳಗಿರಬೇಕು. ಬೇಸಾಯಗಾರರಿಗೆ ಮೇಯಲ್ಲಿ ಗದ್ದೆ ಒಣಗಬೇಕು. ಎರಡು ವಾರ ತಡವಾದರೂ ನೆಲ ತೊಳೆಯಲು ಸಮಯ ಸಾಲದು. 1990ರ ದಶಕದಲ್ಲಿ ವರ್ಷವಿಡೀ ಸೀಗಡಿ ಸಾಕುವ ಕೊಳಗಳು ಬಂದವು, ಹಿಂದೆಯೇ ಬಿಳಿಚುಕ್ಕೆ ರೋಗ ಬಂತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸೀಗಡಿ ಕೃಷಿಗೆ ಕಡಿವಾಣ ಹಾಕಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ.

'ಉಪ್ಪುನೀರನ್ನು ಶಾಶ್ವತವಾಗಿ ತಡೆದು ಸಾಮಾನ್ಯ ಭತ್ತ ಹಾಕಬಾರದೇಕೆ?' ಎಂದೂ ಕೇಳುತ್ತಾರೆ. ಹಳೆಯ ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನಲ್ಲಿ ಗಂಧಕದ ಅಂಶವಿರುತ್ತದೆ. ವರ್ಷಗಟ್ಟಲೆ ಒಣಗಿಸಿದರೆ ಗಾಳಿ ತಾಗಿ ಅದು ಆಮ್ಲವಾಗುತ್ತದೆ. ನೀರಿನಡಿ ಇದ್ದಾಗ ಆ ಮಣ್ಣು ನಿರುಪದ್ರವಿ.

ಸಾಣಿಕಟ್ಟಾದಲ್ಲಿ ಉಪ್ಪು ಮಾಡುವುದು ಹೇಗೆ?

ಬಿಸಿಲು, ಗಾಳಿ, ತಾಳ್ಮೆ. ಒಲೆ ಇಲ್ಲ. ಅಳಿವೆಯ ನೀರು ಸಾಕಷ್ಟು ಉಪ್ಪಾಗುವ ಬೇಸಿಗೆಯಲ್ಲಿ ಭರತದ ನೀರನ್ನು ದೊಡ್ಡ ಕಟ್ಟೆಯೊಳಗೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಕೆಸರು ಕೂತ ಮೇಲೆ ಒಂದರಿಂದ ಇನ್ನೊಂದು ತೆಳು ಪಾತಿಗೆ ಹರಿಸುತ್ತ ಆವಿಯಾಗಲು ಬಿಡುತ್ತಾರೆ. ಸಾಂದ್ರತೆ ಅಳೆಯುವುದು ಬೋಮೆ ಡಿಗ್ರಿಯಲ್ಲಿ. ಕಡಲ ನೀರು ಸುಮಾರು 3.5 ಡಿಗ್ರಿ. 13 ದಾಟಿದ ಮೇಲೆ ಜಿಪ್ಸಂ ತಳ ಹಿಡಿಯುತ್ತದೆ. ಅದನ್ನು ಹಿಂದಿನ ಪಾತಿಯಲ್ಲೇ ಬಿಟ್ಟುಬರಬೇಕು. 25ಕ್ಕೆ ಅಡುಗೆ ಉಪ್ಪಿನ ಹರಳು ಕಟ್ಟತೊಡಗುತ್ತದೆ. ಆ ಹೊತ್ತಿಗೆ ಹತ್ತು ಕೊಡ ನೀರು ಒಂದು ಕೊಡ ಆಗಿರುತ್ತದೆ. 29ರ ಆಸುಪಾಸು ನಿಲ್ಲಿಸಿ ಉಳಿದ ನೀರನ್ನು ಹೊರಚೆಲ್ಲಬೇಕು. ಲೋಭಕ್ಕೆ ಇನ್ನೂ ಒಣಗಿಸಿದರೆ ಮೆಗ್ನೀಷಿಯಂ ಲವಣಗಳು ಸೇರಿ ಉಪ್ಪು ಕಹಿಯಾಗುತ್ತದೆ, ಚೀಲದಲ್ಲಿ ನೀರೊಡೆಯುತ್ತದೆ.

ಕೊನೆಯ ಪಾತಿಯ ನೆಲವನ್ನು ಕಾಲಿನಿಂದ ತುಳಿದು ಗಟ್ಟಿಮಾಡಿರುತ್ತಾರೆ. ನೆಲ ಸಡಿಲವಿದ್ದರೆ ಸಾಂದ್ರ ನೀರು ಇಂಗುತ್ತದೆ, ಹಲಗೆಯಿಂದ ಎಳೆಯುವಾಗ ಉಪ್ಪಿಗೆ ಮಣ್ಣು ಬೆರೆಯುತ್ತದೆ. ಎಳೆಯುವವರ ಕೈಯೂ ಬೇಕು: ಹಲಗೆ ಹರಳಿನ ಪದರದಲ್ಲೇ ಸಾಗಬೇಕು, ನೆಲ ಕೆರೆಯಬಾರದು. ಏಪ್ರಿಲ್ ಕೊನೆಯ ಒಂದು ಅಕಾಲಿಕ ಮಳೆ ಸಾಕು, ವಾರಗಳ ಆವಿ ಲೆಕ್ಕ ಸೊನ್ನೆಗೆ ಬರುತ್ತದೆ.

ಈ ಉಪ್ಪು ಕೊಂಚ ಕಂದು. ನೇರ ಊಟದ ಬಳಕೆಗೆ ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು 2006ರಲ್ಲಿ ಕೇಂದ್ರ ಮತ್ತೆ ನಿಷೇಧಿಸಿದ ಮೇಲೆ, ಊಟಕ್ಕೆ ಹೋಗುವ ಉಪ್ಪಿಗೆ ಅಯೋಡಿನ್ ಬೆರೆಸಬೇಕು. ಮೀನು ಒಣಗಿಸಲು, ತೆಂಗಿನ ಬುಡಕ್ಕೆ ಕಚ್ಚಾ ಉಪ್ಪೇ ಹೋಗುತ್ತದೆ. ಅಂದಹಾಗೆ, 1930ರ ಏಪ್ರಿಲಿನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಇಲ್ಲಿಂದ ಉತ್ತರಕ್ಕೆ, ಗಂಗಾವಳಿಯ ಆಚೆಗೆ.

ಮಿರ್ಜಾನ ಕೋಟೆ ಕಡಲಿನಿಂದ ಇಷ್ಟು ಒಳಗೆ ಏಕಿದೆ?

ಬಂದರು ಇದ್ದದ್ದೇ ಒಳಗೆ. ಹಾಯಿ ದೋಣಿಗಳಿಗೆ ತೆರೆಯಿಂದ ಮರೆ ಬೇಕಿತ್ತು, ಆಳ ಬಹಳ ಬೇಕಿರಲಿಲ್ಲ. ಭರತದ ಜೊತೆ ಒಳಬಂದು ಇಳಿತದ ಜೊತೆ ಹೊರಹೋಗಬಹುದಿತ್ತು. ಘಟ್ಟದ ಮೇಲಿಂದ ಮೆಣಸು ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು ಏರುತ್ತಿತ್ತು. ಹೊಳೆಯ ಮೇಲ್ಭಾಗದ ಉಪ್ಪಿನಪಟ್ಟಣದ ಹೆಸರೇ ಆ ವ್ಯಾಪಾರದ ರಸೀದಿ.

ಕೋಟೆಯನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಹೇಳುತ್ತಾರೆ. 1552ರಿಂದ 1606ರವರೆಗೆ ಆಳಿದ ಈಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತ ಮೇಲೆ ಈ ಸೀಮೆ ಕೆಳದಿಯವರದಾಯಿತು. 1783ರ ಆರಂಭದಲ್ಲಿ, ಮೈಸೂರಿನ ವಿರುದ್ಧದ ಯುದ್ಧದಲ್ಲಿ, ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಸೇನೆ ಇಳಿಸಿದ್ದು ಈ ಅಳಿವೆಯ ಬಾಯಲ್ಲಿದ್ದ ರಾಜಮಂಡ್ರುಗದಲ್ಲಿ.

ಕೋಟೆ ನೋಡುವಾಗ ಗೋಡೆಗಿಂತ ಕಂದಕ ನೋಡಿ. ಕೆಂಪುಕಲ್ಲನ್ನು ನೆಲದಿಂದ ತೆಗೆದಲ್ಲೇ ಹಳ್ಳವಾಗುತ್ತದೆ, ತೆಗೆದ ಕಲ್ಲು ಗೋಡೆಯಾಗುತ್ತದೆ. ಈ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ಸಂದಿಯಲ್ಲಿ ಬೇರಿಳಿದರೆ ಸೀಳುತ್ತದೆ. ಮಳೆಗಾಲದಲ್ಲಿ ಪಾಚಿಯಿಂದ ಮೆಟ್ಟಿಲು ವಿಪರೀತ ಜಾರುತ್ತವೆ.

ಬಂದರು ಏಕೆ ಮುಗಿಯಿತು? ಮುಂದೆ ದೊಡ್ಡ ಬಂದರು ಬರುತ್ತದೆಯೇ?

ಹಡಗು ದೊಡ್ಡದಾಯಿತು, ಅಳಿವೆ ಅಷ್ಟೇ ಉಳಿಯಿತು. ಬಾಯಿಯ ಮರಳ ದಿಬ್ಬ ದಾಟಲು ಭರತ ಕಾಯಬೇಕಾದ ಜಾಗ ಉಗಿಹಡಗಿಗೆ ಹೊಂದಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟೆಯಿಂದ ಹಡಗೇರಿತು. 'ಕುಮಟಾ ಹತ್ತಿ' ಎಂಬ ಹೆಸರು ಬಂದದ್ದು ಹಾಗೆ. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ.

ತದಡಿ ಈಗ ಮೀನುಗಾರಿಕೆ ಬಂದರು. ಇಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಯೋಜನೆ ಬಂದು ಜನರ ವಿರೋಧದ ನಡುವೆ ಕೈಬಿಟ್ಟುಹೋಯಿತು. ಆಮೇಲೆ ಸರ್ವಋತು ಬಂದರಿನ ಪ್ರಸ್ತಾವ ಬಂತು. ಬಾಯಿ ಆಳ ಮಾಡಿದರೆ ಆಗುವುದು ಹಡಗಿನ ಅನುಕೂಲ ಒಂದೇ ಅಲ್ಲ: ಭರತ ಹೆಚ್ಚು ನೀರು ಹೊತ್ತು ಒಳನುಗ್ಗುತ್ತದೆ, ಉಪ್ಪಿನ ಮೆಟ್ಟಿಲುಗಳೆಲ್ಲ ಮೇಲಕ್ಕೆ ಸರಿಯುತ್ತವೆ, ಈಗಿನ ಲೆಕ್ಕಕ್ಕೆ ಕಟ್ಟಿದ ಗಜನಿ ಒಡ್ಡುಗಳು ಗಿಡ್ಡವಾಗುತ್ತವೆ, ದಡದ ಬಾವಿಗಳಿಗೆ ಉಪ್ಪು ಬರುತ್ತದೆ. ಹೂಳು ಮತ್ತೆ ತುಂಬುವುದರಿಂದ ಆಳ ಮಾಡುವ ಖರ್ಚು ಪ್ರತಿ ವರ್ಷದ್ದು.

ರಾಮ್ಸರ್ ತಾಣವಾದ ಮೇಲೆ ಏನು ಬದಲಾಗುತ್ತದೆ?

4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ, ಅಂದರೆ ಜೌಗುನೆಲಗಳ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ, ಸೇರಿದ ಘೋಷಣೆ 2024ರ ಜನವರಿ ಕೊನೆಗೆ ಬಂತು. ಇದರಿಂದ ಬೆಳಚು ತೆಗೆಯುವುದಕ್ಕೋ ಕಗ್ಗ ಬೆಳೆಯುವುದಕ್ಕೋ ತಡೆ ಇಲ್ಲ. ಒಪ್ಪಂದ ಹೇಳುವುದೇ ವಿವೇಕದ ಬಳಕೆಯನ್ನು. ಹಾಗೆಂದು ಫಲಕ ನೆಟ್ಟ ಮಾತ್ರಕ್ಕೆ ರಕ್ಷಣೆಯೂ ಸಿಗದು. ನಿಜವಾಗಿ ಹಲ್ಲಿರುವುದು ಕರಾವಳಿ ನಿಯಂತ್ರಣ ವಲಯದ ನಿಯಮಕ್ಕೆ: 1,000 ಚದರ ಮೀಟರ್‌ಗಿಂತ ಹೆಚ್ಚಿನ ಕಾಂಡ್ಲಾ ಕಾಡಿದ್ದರೆ ಸುತ್ತ 50 ಮೀಟರ್ ಅಂಚನ್ನೂ ಬಿಡಬೇಕು.

ಕಾಂಡ್ಲಾ ಗಿಡ ಎಲ್ಲಿ ಬೇಕಾದರೂ ನೆಡಬಹುದೇ?

ಬೇಡ. ಬೆಳಚಿನ ದಿಬ್ಬದ ಮೇಲೆ ನೆಟ್ಟರೆ ಬೇರುಗಳ ನಡುವೆ ಕೆಸರು ಕೂತು ಮರಳು ಮುಚ್ಚಿ, ಗಿಡದ ಜೊತೆಗೆ ಬೆಳಚಿನವರ ಅನ್ನವೂ ಹೋಗುತ್ತದೆ. ಒಡ್ಡಿನ ಹೊರಮೈಗೆ ನೆಟ್ಟರೆ ಅಲೆಯ ಹೊಡೆತ ತಡೆಯುತ್ತದೆ.

ನೋಡಲು ಯಾವಾಗ, ಹೇಗೆ ಬರಬೇಕು?

ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಬೆಳಚಿನ ದಿಬ್ಬ ನೋಡಬೇಕಾದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಸಂಜೆಯ ಇಳಿತಕ್ಕೆ ಬನ್ನಿ. ಕಗ್ಗದ ಹಸಿರಿಗೆ ಸೆಪ್ಟೆಂಬರ್, ಉಪ್ಪಿನ ರಾಶಿಗೆ ಏಪ್ರಿಲ್. ದಿಬ್ಬದ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಕಲ್ವಾದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಕಾಲು ಮೊಣಕಾಲವರೆಗೆ ಹೂತರೆ ಮೇಲಕ್ಕೆ ಜಗ್ಗಬೇಡಿ, ಹಿಂದಕ್ಕೆ ಒರಗಿ ಕಾಲು ಅಲ್ಲಾಡಿಸಿ ಸಡಿಲಿಸಿಕೊಳ್ಳಿ. ನೀರು ತಿರುಗಿದ ಕೂಡಲೇ ದಡ ಸೇರಿ. ಭರತ ನಿಮ್ಮ ಮುಂದಿನಿಂದ ಬರುವುದಿಲ್ಲ, ಹಿಂದಿನ ಕಾಲುವೆಯನ್ನು ಮೊದಲು ತುಂಬುತ್ತದೆ.

ತದಡಿ–ಅಘನಾಶಿನಿ ನಡುವೆ ಜನರನ್ನೂ ಬೈಕನ್ನೂ ದಾಟಿಸುವ ದೋಣಿ ಇದೆ, ಕೆಲವೇ ನಿಮಿಷದ ದಾರಿ. ಕೊನೆಯ ದೋಣಿಯ ಹೊತ್ತನ್ನು ಹತ್ತುವ ಮೊದಲೇ ಕೇಳಿಕೊಳ್ಳಿ. ತಪ್ಪಿದರೆ ಮಿರ್ಜಾನ ಸೇತುವೆ ಸುತ್ತಿ ಕುಮಟೆಯ ಮೇಲೆ 30 ಕಿ.ಮೀ.ಗೂ ಹೆಚ್ಚು ರಸ್ತೆ.